ಜಾಲತಾಣವೊಂದು ಕ್ರೋಮ್‌ನಲ್ಲಿ ಸರಿಯಿದ್ದು ಫೈರ್‌ಫಾಕ್ಸ್‌ನಲ್ಲಿ ಕೆಲಸ ಮಾಡದಿದ್ದರೆ, ಅದರ ಮಾಲೀಕರಿಗೆ ಹೇಗೆ ತಿಳಿಸಬೇಕು?

ಮೊದಲು ದೋಷ ತಾಣದ್ದೇ ಎಂದು ಖಚಿತಪಡಿಸಿಕೊಳ್ಳಿ: ಬ್ರೌಸರ್‌ಗೆ ಸೇರಿಸಿಕೊಂಡ ಎಕ್ಸ್‌ಟೆನ್ಷನ್‌ಗಳನ್ನು ನಿಲ್ಲಿಸಿ, ಆ ತಾಣದ ಮಟ್ಟಿಗೆ ಟ್ರ್ಯಾಕಿಂಗ್ ತಡೆಯನ್ನು (ನಿಮ್ಮ ಜಾಡು ಹಿಡಿಯದಂತೆ ಕಾಯುವ ವ್ಯವಸ್ಥೆ) ಆಫ್ ಮಾಡಿ ಪುಟವನ್ನು ಮತ್ತೆ ತೆರೆಯಿರಿ. ಕ್ರೋಮ್ ಬ್ಲಿಂಕ್ ಎಂಜಿನ್ನನ್ನೂ (ಎಂಜಿನ್ ಎಂದರೆ ಪುಟವನ್ನು ಪರದೆಯ ಮೇಲೆ ಮೂಡಿಸುವ ತಂತ್ರಾಂಶ) ಫೈರ್‌ಫಾಕ್ಸ್ ಗೆಕ್ಕೊ ಎಂಜಿನ್ನನ್ನೂ ಬಳಸುವುದರಿಂದ, ಒಂದರಲ್ಲಷ್ಟೇ ಪರೀಕ್ಷಿಸಿದ ಪುಟ ಇನ್ನೊಂದರಲ್ಲಿ ಎಡವುವುದುಂಟು.

"ನಿಮ್ಮ ಸೈಟ್ ಓಪನ್ ಆಗುತ್ತಿಲ್ಲ" ಎಂಬ ಒಂದು ಸಾಲಿನ ದೂರಿನಿಂದ ಡೆವಲಪರ್‌ಗೆ ಏನೂ ತಿಳಿಯುವುದಿಲ್ಲ. ನಾನು ಒಮ್ಮೆ ಅರ್ಜಿ ತುಂಬುವಾಗ ಜನ್ಮದಿನಾಂಕ ಹಾಕಿದ ಮೇಲೂ "ಮುಂದುವರಿಯಿರಿ" ಗುಂಡಿ ಬೂದುಬಣ್ಣದಲ್ಲೇ ಉಳಿದಿತ್ತು. ಪುಟದ ಪೂರ್ಣ ವಿಳಾಸ, ಬ್ರೌಸರ್ ಮತ್ತು ಆಪರೇಟಿಂಗ್ ಸಿಸ್ಟಂನ ಆವೃತ್ತಿ, ನಾನು ಒತ್ತಿದ್ದನ್ನೆಲ್ಲ ಕ್ರಮವಾಗಿ, ಎಫ್12 ಒತ್ತಿದಾಗ ಕನ್ಸೋಲ್‌ನಲ್ಲಿ (ಪುಟದ ದೋಷಗಳನ್ನು ತೋರಿಸುವ ಫಲಕ) ಕಂಡ ಕೆಂಪು ಸಾಲು, ಕ್ರೋಮ್‌ನಲ್ಲಿ ಅದೇ ಗುಂಡಿ ಸರಿಯಾಗಿದೆ ಎಂಬ ಮಾತು, ಇಷ್ಟನ್ನೂ ಬರೆದು ಕಳುಹಿಸಿದೆ. ಸ್ಕ್ರೀನ್‌ಶಾಟ್ ಲಗತ್ತಿಸುವಾಗ ಆಧಾರ್ ಸಂಖ್ಯೆ, ಫೋನ್ ನಂಬರ್ ಮುಂತಾದವನ್ನು ತಪ್ಪದೆ ಮರೆಮಾಡಿ.

ಉತ್ತರ ಬಾರದಿದ್ದರೆ, ಅಥವಾ ಸಂಪರ್ಕದ ವಿಳಾಸವೇ ಸಿಗದಿದ್ದರೆ, ಫೈರ್‌ಫಾಕ್ಸ್‌ನ ಮೆನುವಿನಲ್ಲಿರುವ ಸರಿಯಾಗಿ ಕೆಲಸ ಮಾಡದ ತಾಣವನ್ನು ವರದಿ ಮಾಡುವ ಆಯ್ಕೆಯ ಮೂಲಕ, ಆ ಬ್ರೌಸರನ್ನು ತಯಾರಿಸುವ ಮೊಜಿಲ್ಲಾಗೆ ತಿಳಿಸಬಹುದು. ಕೆಲವು ತಾಣಗಳಿಗಾಗಿ ಅವರು ಬ್ರೌಸರ್‌ನಲ್ಲೇ ತಾತ್ಕಾಲಿಕ ಪರಿಹಾರ ಅಳವಡಿಸುತ್ತಾರೆ. ಆದರೂ ಮಾಲೀಕರಿಗೆ ಬರೆಯುವುದನ್ನು ಬಿಡಬೇಡಿ, ಏಕೆಂದರೆ ಮೂಲ ಕೋಡ್ ತಿದ್ದುವುದು ಅವರ ಕೈಯಲ್ಲೇ ಇದೆ.