ಬಲ್ಬ್ ಕೊಳ್ಳುವ ಮುಂಚೆ ಕಳೆದುಹೋದ ಅರ್ಧ ವೋಲ್ಟ್ ಹುಡುಕಿ

ಪ್ರಶ್ನೆ: ನಮ್ಮ ತಂದೆಯವರ 1954ರ ಬಿಎಸ್‌ಎ ಬಿ31 ಬೈಕನ್ನು ಈಗ ನಾನು ಓಡಿಸುತ್ತಿದ್ದೇನೆ. ಎಂಜಿನ್ ಗಟ್ಟಿಯಾಗಿದೆ. ಆದರೆ ರಾತ್ರಿ ಹೆಡ್‌ಲೈಟ್ ಬುಡ್ಡಿದೀಪದ ಹಾಗೆ ಕೆಂಪಗೆ ಉರಿಯುತ್ತದೆ. ಎರಡು ಸಲ ಬಲ್ಬ್ ಬದಲಾಯಿಸಿದ್ದೇನೆ. ರಿಫ್ಲೆಕ್ಟರ್ ಕೂಡ ಮಬ್ಬಾಗಿದೆ. 60 ವ್ಯಾಟ್ ಹ್ಯಾಲೊಜೆನ್ ಇಲ್ಲವೇ ಎಲ್‌ಇಡಿ ಹಾಕಿಬಿಡಿ ಎನ್ನುತ್ತಾರೆ ಮೆಕ್ಯಾನಿಕ್. ಹಾಕಿಸಲೇ?

ಉತ್ತರ: 60 ವ್ಯಾಟ್ ಖಂಡಿತ ಬೇಡ. ನಿಮ್ಮ ಬೈಕಿನಲ್ಲಿ ಕರೆಂಟ್ ಹುಟ್ಟಿಸುವ ಲ್ಯೂಕಾಸ್ ಕಂಪನಿಯ ಡೈನಮೊ ಚೆನ್ನಾಗಿ ತಿರುಗಿದಾಗ ಕೊಡುವುದೇ 60 ವ್ಯಾಟ್. 6 ವೋಲ್ಟ್‌ನಲ್ಲಿ ಅದು 10 ಆಂಪ್. ಅಷ್ಟನ್ನೂ ಹೆಡ್‌ಲೈಟೇ ಎಳೆದುಕೊಂಡರೆ ಹಿಂದಿನ ದೀಪಕ್ಕೂ ಬ್ಯಾಟರಿಗೂ ಏನು ಉಳಿಯುತ್ತದೆ? ಕಿಡಿ ಕೊಡುವ ಮ್ಯಾಗ್ನೆಟೊ ಬೇರೆಯೇ ಇರುವುದರಿಂದ ಎಂಜಿನ್ ನಿಲ್ಲುವುದಿಲ್ಲ. ದೀಪ ಮಾತ್ರ ಕಂತುತ್ತಾ ಹೋಗುತ್ತದೆ, ಬೈಕು ಕತ್ತಲಲ್ಲಿ ಓಡುತ್ತಲೇ ಇರುತ್ತದೆ. ಈ ಅಪಾಯ ನೆನೆದರೇ ನನಗೆ ಎದೆ ಝಲ್ಲೆನ್ನುತ್ತದೆ.

ಎರಡು ಬಲ್ಬ್ ಹಾಕಿದರೂ ಕೆಂಪು ಹೋಗಿಲ್ಲ ಎಂದಿದ್ದೀರಿ. ಹಾಗಾದರೆ ಬಲ್ಬಿನವರೆಗೆ ಪೂರ್ತಿ ವೋಲ್ಟೇಜ್ ಬರುತ್ತಿಲ್ಲ. ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. 12 ವೋಲ್ಟ್ ಗಾಡಿಯಲ್ಲಿ ಅರ್ಧ ವೋಲ್ಟ್ ಹೋದರೆ ಕಣ್ಣಿಗೆ ಅಷ್ಟಾಗಿ ಕಾಣದು. 6 ವೋಲ್ಟ್‌ನಲ್ಲಿ ಅದು ದೊಡ್ಡ ನಷ್ಟ.

ನನ್ನ ಹಳೆಯ ಬೈಕಿನಲ್ಲೂ ಹೀಗೇ ಆಗಿತ್ತು. ಲೈಟ್ ಉರಿಯುತ್ತಿರುವಾಗಲೇ ಮಲ್ಟಿಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 6.1, ಬಲ್ಬಿನ ಹತ್ತಿರ 5.2. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಹೋಲ್ಡರಿನ ಅರ್ಥ್‌ಗೆ (ಕರೆಂಟ್ ಚಾಸಿಸ್ ಮೂಲಕ ಬ್ಯಾಟರಿಗೆ ಹಿಂತಿರುಗುವ ದಾರಿ), ಇನ್ನೊಂದನ್ನು ಬ್ಯಾಟರಿಯ ಅರ್ಥ್ ಟರ್ಮಿನಲ್‌ಗೆ ಮುಟ್ಟಿಸಿದೆ. ಸೊನ್ನೆಯ ಆಸುಪಾಸು ಇರಬೇಕಾದ ಕಡೆ 0.7 ತೋರಿಸಿತು. ಡೂಮಿಗೆ, ಅಂದರೆ ಹೆಡ್‌ಲೈಟಿನ ಹೊರಚಿಪ್ಪಿಗೆ, ಹೊಸದಾಗಿ ಪೇಂಟ್ ಹೊಡೆಸಿದ್ದೆ. ಬೋಲ್ಟ್ ಕೂರುವ ಜಾಗದಲ್ಲೂ ಪೇಂಟ್ ಹತ್ತಿತ್ತು. ಅಲ್ಲಿಂದಾಚೆ ಕರೆಂಟ್ ಹ್ಯಾಂಡಲ್ ಬೇರಿಂಗಿನ ಗ್ರೀಸ್ ದಾಟಿ ಚಾಸಿಸ್‌ಗೆ ಹೋಗಬೇಕಿತ್ತು. ಹೋಲ್ಡರಿನಿಂದ ನೇರವಾಗಿ ಬ್ಯಾಟರಿಯ ಅರ್ಥ್‌ಗೆ ಒಂದು ದಪ್ಪ ವೈರ್ ಎಳೆದೆ. ಅದೇ ಬಲ್ಬ್, ಬೆಳಕು ಬೆಳ್ಳಗಾಯಿತು. ನೀವೂ ಮೊದಲು ಇಷ್ಟು ಮಾಡಿ. ಆಮೇಲೆ ಡಿಮ್-ಡಿಪ್ ಸ್ವಿಚ್ ಬಿಚ್ಚಿ, ಕಿಲುಬು ಹಿಡಿದ ಪಾಯಿಂಟ್‌ಗಳನ್ನು ನಯವಾದ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ. ಬ್ಯಾಟರಿ ಟರ್ಮಿನಲ್ ಬಿಗಿಯಾಗಿದೆಯೇ ನೋಡಿ.

ಮಬ್ಬಾದ ರಿಫ್ಲೆಕ್ಟರ್ ಬದಲಾಯಿಸಲೇಬೇಕು. ಒಳಗೆ ಬಟ್ಟೆ ಹಾಕಿ ಒರೆಸಲು ಹೋಗಬೇಡಿ. ಆ ಹೊಳಪು ಬಲು ತೆಳುವಾದ ಲೇಪ, ಹತ್ತಿ ಸೋಕಿದರೂ ಎದ್ದುಬರುತ್ತದೆ. ಗಾಜು, ರಿಫ್ಲೆಕ್ಟರ್ ಸೇರಿದ ಹೊಸ 7 ಇಂಚಿನ ಯೂನಿಟ್ ತರುವಾಗ ಗಾಜಿನ ಗೆರೆಗಳನ್ನು ನೋಡಿ. ರಸ್ತೆಯ ಬಲಬದಿಯಲ್ಲಿ ಓಡಿಸುವ ದೇಶಗಳಿಗೆಂದು ಮಾಡಿದ ಗಾಜು ಡಿಪ್ ಬೆಳಕನ್ನು ಬಲಕ್ಕೆ ಎತ್ತುತ್ತದೆ. ಎಡಬದಿಯಲ್ಲಿ ಓಡಿಸುವವರು ಅದನ್ನು ಹಾಕಿಕೊಂಡರೆ ಎದುರಿನವರ ಕಣ್ಣು ಕುಕ್ಕುತ್ತದೆ.

ಬಿಚ್ಚುವ ಮುಂಚೆ ಬ್ಯಾಟರಿ ವೈರ್ ತೆಗೆದಿಡಿ. ರಿಮ್ ಸ್ಕ್ರೂ ಸಡಿಲಿಸುವಾಗ ಇನ್ನೊಂದು ಕೈ ಗಾಜಿನ ಕೆಳಗಿರಲಿ. ಹಿಂದಿನ ಕ್ಯಾಪನ್ನು ಒತ್ತಿ ಎಡಕ್ಕೆ ತಿರುಗಿಸಿದರೆ ಬಲ್ಬ್ ಕೈಗೆ ಬರುತ್ತದೆ. ಮೂಲ ಬಲ್ಬ್ 30/24 ವ್ಯಾಟ್‌ನದು (ಹೈ ಬೀಮ್‌ಗೆ 30, ಡಿಪ್‌ಗೆ 24). ಹೊಸ ಯೂನಿಟ್ ಎಚ್4 ಎಂಬ ಬಗೆಯ ಹ್ಯಾಲೊಜೆನ್ ಬಲ್ಬ್ ಕೂರುವ ಹೋಲ್ಡರಿನದಾದರೆ 6 ವೋಲ್ಟ್ 35/35 ವ್ಯಾಟ್ ಹ್ಯಾಲೊಜೆನ್ ಹಾಕಿ, ಅಷ್ಟನ್ನು ನಿಮ್ಮ ಡೈನಮೊ ತಾಳುತ್ತದೆ. ಹ್ಯಾಲೊಜೆನ್ ಗಾಜನ್ನು ಬರಿಗೈಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಕೂತ ಜಾಗ ವಿಪರೀತ ಕಾದು ಬಲ್ಬ್ ಬೇಗ ಹೋಗುತ್ತದೆ.

ಎಲ್‌ಇಡಿ ಕರೆಂಟ್ ಕಡಿಮೆ ತಿನ್ನುತ್ತದೆ, ನಿಜ. ಆದರೆ ನಿಮ್ಮ ಬೈಕಿನಲ್ಲಿ ಬ್ಯಾಟರಿಯ ಪ್ಲಸ್ ಅರ್ಥ್ ಆಗಿರುತ್ತದೆ. ಮೈನಸ್ ಅರ್ಥ್‌ಗೆಂದು ಮಾಡಿದ ಎಲ್‌ಇಡಿ ಅದರಲ್ಲಿ ಹೊತ್ತಿಕೊಳ್ಳುವುದಿಲ್ಲ, ಕೆಲವು ಸುಟ್ಟೂ ಹೋಗುತ್ತವೆ. ಹೊತ್ತಿಕೊಂಡರೂ ಫಿಲಮೆಂಟ್ ಇರುವ ಜಾಗಕ್ಕೆ ಸರಿಯಾಗಿ ಅದರ ಬೆಳಕು ಕೂರದಿದ್ದರೆ ರಸ್ತೆಗೆ ಬೀಳಬೇಕಾದದ್ದು ಮರದ ಮೇಲೆ ಚೆಲ್ಲುತ್ತದೆ. ನನ್ನ ಮನಸ್ಸು ಹ್ಯಾಲೊಜೆನ್ ಕಡೆಗೇ.

ಕೊನೆಗೆ, ಗೋಡೆಯಿಂದ 25 ಅಡಿ ದೂರದಲ್ಲಿ ಬೈಕ್ ನಿಲ್ಲಿಸಿ, ನೀವೇ ಸೀಟಿನ ಮೇಲೆ ಕೂತು ಹೈ ಬೀಮ್ ಹಾಕಿ. ಹೆಡ್‌ಲೈಟಿನ ನಡುಭಾಗ ನೆಲದಿಂದ ಎಷ್ಟು ಎತ್ತರವೋ, ಗೋಡೆಯ ಮೇಲೆ ಬೆಳಕಿನ ನಡುಭಾಗವೂ ಅಷ್ಟೇ ಎತ್ತರದಲ್ಲಿರಬೇಕು. ಅರ್ಥ್ ವೈರ್ ಎಳೆಯುವ ಮುಂಚೆ ಒಮ್ಮೆ, ಎಳೆದ ಮೇಲೆ ಒಮ್ಮೆ ಬಲ್ಬಿನ ಹತ್ತಿರದ ವೋಲ್ಟೇಜ್ ಬರೆದಿಟ್ಟು ನನಗೆ ಕಳಿಸಿ.