ನೋಡಿದ್ದಾಯಿತು, ಮಾಡುವುದು ಯಾವಾಗ?

ಪ್ರಶ್ನೆ: ನಮ್ಮದು ಎರಡು ಎಕರೆ ತೆಂಗಿನ ತೋಟ. ಸಗಣಿ, ಗಂಜಲ ಹುದುಗಿಸಿ ಮಾಡುವ ದ್ರವಗೊಬ್ಬರ ಜೀವಾಮೃತದ ಬಗ್ಗೆ ಎರಡು ವರ್ಷಗಳಿಂದ ಯೂಟ್ಯೂಬ್‌ನಲ್ಲಿ ನೋಡುತ್ತಲೇ ಇದ್ದೇನೆ. ಒಬ್ಬರು ಹೇಳಿದ್ದು ಇನ್ನೊಬ್ಬರದಕ್ಕೆ ತಾಳೆಯಾಗದೆ, ಇದುವರೆಗೆ ಒಮ್ಮೆಯೂ ಮಾಡಿಲ್ಲ. ಎಲ್ಲಿಂದ ಆರಂಭಿಸಲಿ?
— ಓದುಗರೊಬ್ಬರು, ತಿಪಟೂರು

ಉತ್ತರ: ನಿಮಗೆ ಕೊರತೆಯಾಗಿರುವುದು ಮಾಹಿತಿಯಲ್ಲ, ಕೈಯಿಟ್ಟು ನೋಡಿದ ಅನುಭವ ಎಂದು ನನಗೆ ಅನ್ನಿಸುತ್ತದೆ. ನೈಸರ್ಗಿಕ ಕೃಷಿಯ ಪ್ರತಿಪಾದಕ ಸುಭಾಷ್ ಪಾಳೇಕರ್ ಅವರು ಪ್ರಚಾರಕ್ಕೆ ತಂದ ಅಳತೆ ಎಕರೆಗೆ 200 ಲೀಟರ್ ಇದ್ದರೂ, ನೀವು ಅದರ ಹತ್ತನೇ ಒಂದು ಭಾಗದಿಂದ ಆರಂಭಿಸಬಹುದು: 20 ಲೀಟರ್ ನೀರಿಗೆ 1 ಕೆ.ಜಿ. ನಾಟಿ ಹಸುವಿನ ಸಗಣಿ, 1 ಲೀಟರ್ ಗಂಜಲ, ತಲಾ 200 ಗ್ರಾಂ ಬೆಲ್ಲ ಮತ್ತು ಕಡಲೆ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನೆರಳಿನಲ್ಲಿಟ್ಟು, ಗೋಣಿಚೀಲ ಮುಚ್ಚಿ, ಬೆಳಿಗ್ಗೆ ಸಂಜೆ ಕೋಲಿನಿಂದ ತಿರುವುತ್ತಾ ಬನ್ನಿ. ಎರಡನೆಯ ದಿನ ಮೇಲೆ ನೊರೆಯೆದ್ದು ಹುಳಿವಾಸನೆ ಮೂಗಿಗೆ ಬಡಿದಾಗ, ಯಾವ ವಿಡಿಯೊ ಸರಿ ಎಂಬ ನಿಮ್ಮ ಗೊಂದಲ ಅರ್ಧ ಕರಗಿರುತ್ತದೆ.

ಅದನ್ನು ಎಂಟು ಮರಗಳ ಬುಡದ ತೇವದ ಮಣ್ಣಿಗೆ ಮಾತ್ರ, ಮರಕ್ಕೆ ಎರಡೂವರೆ ಲೀಟರಿನಂತೆ ಹಾಕಿ, ಕಾಂಡಕ್ಕೆ ಸುಣ್ಣದ ಗುರುತು ಬಳಿಯಿರಿ. ಪಕ್ಕದ ಎಂಟು ಮರಗಳು ಮೊದಲಿನಂತೆಯೇ ಇರಲಿ. ಹೋಲಿಸಲು ಬೇರೆ ದಾರಿಯಿಲ್ಲ. ತಿಂಗಳಿಗೊಮ್ಮೆಯಾದರೂ ಇದೇ ಕೆಲಸ ಮುಂದುವರಿಯಬೇಕು. ಹೊಂಬಾಳೆ ಒಡೆದು ಕಾಯಿ ಬಲಿಯಲು ಸುಮಾರು ಒಂದು ವರ್ಷ ಹಿಡಿಯುವುದರಿಂದ, ಇಳುವರಿಯ ಲೆಕ್ಕಕ್ಕೆ ಆತುರಪಡದೆ, ಸದ್ಯಕ್ಕೆ ಪ್ರತಿ ಮರದಡಿ ಉದುರಿದ ಹರಳುಗಳನ್ನು (ಎಳೆಯ ಮಿಡಿಗಾಯಿಗಳನ್ನು) ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡಿ.