ಯಾವ ಪ್ಯಾಕೇಜ್ ತೆಗೆದುಕೊಂಡರೆ ಮುಂಬೈ ಮ್ಯಾರಥಾನ್ ನೆನಪಿನಲ್ಲಿ ಉಳಿಯುತ್ತದೆ?

ಹುಬ್ಬಳ್ಳಿಯಿಂದ ಮೊದಲ ಸಲ ಹೊರಟಿರುವ ನೀವು ಕೇಳಿರುವುದನ್ನೇ 2016ರಲ್ಲಿ ಧಾರವಾಡದಿಂದ ಹೊರಟ ನಾನೂ ಕಂಡವರನ್ನೆಲ್ಲ ಕೇಳಿದ್ದೆ. ಮುಂಬೈನ ಮಾಟುಂಗಾದಲ್ಲಿರುವ ಸೋದರಮಾವ ಮನೆಗೆ ಕರೆದರೂ ಒಲ್ಲೆನೆಂದು, ಓಟ ಆರಂಭವಾಗುವ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ರೈಲು ನಿಲ್ದಾಣದ ಹತ್ತಿರದ ಹೋಟೆಲ್, ಓಡಾಡಲು ಕಾರು, ಮರುದಿನದ ನಗರದರ್ಶನ ಎಲ್ಲವೂ ಸೇರಿದ ಪ್ಯಾಕೇಜನ್ನೇ ಕೊಂಡೆ. ಅದರಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೂ ಆ ಪ್ರವಾಸದಿಂದ ನನಗೆ ಉಳಿದದ್ದು ಒಂದು ಪದಕ ಮಾತ್ರ. ಅದಕ್ಕೆ ಕಾರಣ ನನ್ನ ಕಿವಿಯಲ್ಲಿದ್ದ ಇಯರ್‌ಫೋನ್.

ಇದನ್ನು ವಿವರವಾಗಿಯೇ ಹೇಳಬೇಕು. 42.195 ಕಿ.ಮೀ. ದೂರವನ್ನು ನಾಲ್ಕೂವರೆ ಗಂಟೆಯೊಳಗೆ ಮುಗಿಸುವ ಹಟವಿತ್ತು. ಜನರ ಕೂಗಾಟದಿಂದ ಲಯ ತಪ್ಪುತ್ತದೆಂದು ನಂಬಿ ಐದು ಗಂಟೆಗೆ ಸಾಲುವಷ್ಟು ಹಾಡುಗಳನ್ನು ತುಂಬಿಕೊಂಡಿದ್ದೆ. ಬಾಂದ್ರಾ-ವರ್ಲಿ ಸಮುದ್ರ ಸೇತುವೆಯ ಮೇಲೆ ಅದರಿಂದ ನಷ್ಟವೇನೂ ಆಗಲಿಲ್ಲ, ಏಕೆಂದರೆ ಬೇರೆ ದಿನ ಪಾದಚಾರಿಗಳನ್ನೇ ಬಿಡದ ಆ ಸೇತುವೆಯಲ್ಲಿ ಕೂಗುವವರು ಇರುವುದಿಲ್ಲ. ನಷ್ಟವಾದದ್ದು ಹಿಂದಿರುಗುವಾಗ, 30 ಕಿ.ಮೀ. ದಾಟಿದ ಕಾಲುಗಳಿಗೆ ಎದುರಾದ ಪೆಡ್ಡರ್ ರಸ್ತೆಯ ಏರಿನಲ್ಲಿ. ಅಲ್ಲಿನ ನಿವಾಸಿಗಳು ತಾವಾಗಿಯೇ ಮನೆಗಳಿಂದ ಇಳಿದು ಬಂದು ಕಿತ್ತಳೆ, ಬಿಸ್ಕತ್ತು ಹಿಡಿದು ನಿಂತಿದ್ದರು. ಒಬ್ಬ ಅಜ್ಜಿ ನನ್ನ ಬಿಬ್ (ಓಟಗಾರರು ಎದೆಗೆ ಸಿಕ್ಕಿಸಿಕೊಳ್ಳುವ ಸಂಖ್ಯೆಯ ಚೀಟಿ) ಮೇಲಿನ ಹೆಸರನ್ನು ಓದಿ ಕೂಗಿದರು; ತುಟಿ ಅಲುಗಿದ್ದು ಕಂಡಿತು, ದನಿ ಕೇಳಲಿಲ್ಲ. ಅವರು ಚಾಚಿದ ಕಿತ್ತಳೆಯ ತೊಳೆಯನ್ನು ಬೇಡವೆಂದು ಕೈಯಾಡಿಸಿ ಮುಂದೆ ಓಡಿದೆ. ಕಿವಿ ಮುಚ್ಚಿಕೊಂಡವನ ಮುಖವೂ ಮುಚ್ಚಿಯೇ ಇರುತ್ತದೆ. ಅವನು ನಗುವುದಿಲ್ಲ, ಕೈಯೆತ್ತುವುದಿಲ್ಲ, ಹಾಗಾಗಿ ನಿಂತವರ ಉತ್ಸಾಹವೂ ಇಳಿಯುತ್ತದೆ. ಅಜ್ಜಿಯ ಕೈ ನಿಧಾನವಾಗಿ ಕೆಳಗಿಳಿದದ್ದನ್ನು ನಾನು ನೋಡಿದೆ. ನನ್ನ ಹಿಂದೆ ಬರುತ್ತಿದ್ದವರ ಪಾಲಿನದನ್ನೂ ನಾನು ಕೆಡಿಸಿದ್ದೆ. 4 ಗಂಟೆ 26 ನಿಮಿಷಕ್ಕೆ ಓಟ ಮುಗಿಯಿತು. ಆ ಹಾಡುಗಳಲ್ಲಿ ಒಂದನ್ನೂ ಇಂದಿಗೂ ಕೇಳಲಾರೆ.

ಎರಡು ವರ್ಷಗಳ ನಂತರ ಕೆಲಸದ ನಿಮಿತ್ತ ಮಾಟುಂಗಾಕ್ಕೇ ಬಂದು ನೆಲೆಸಿದೆ. ಮ್ಯಾರಥಾನ್ ನಡೆದ ಜನವರಿಯ ಆ ಭಾನುವಾರ ನಾವು ಐದಾರು ಮಂದಿ ಕನ್ನಡಿಗರು ಓಟದ ದಾರಿಯಲ್ಲಿರುವ ಮಾಹಿಮ್‌ನಲ್ಲಿ ‘ಬಿಡಬ್ಯಾಡ್ರಿ, ಇನ್ನ ಸ್ವಲ್ಪ ಐತಿ’ ಎಂದು ಬರೆದ ಫಲಕ ಹಿಡಿದು ನಿಂತೆವು. ವಿಜಯಪುರದಿಂದ ಬಂದಿದ್ದ ಒಬ್ಬರು ಅದನ್ನು ಓದಿ, ನಿಂತು, ನನ್ನ ಭುಜ ಹಿಡಿದು ಅತ್ತರು. ಅವರು ಓಡಿಹೋದ ಮೇಲೆ ನಮ್ಮ ಕೂಗು ಇಮ್ಮಡಿಯಾಯಿತು. ಆ ಹತ್ತು ನಿಮಿಷವನ್ನು ಯಾವ ಆಯೋಜಕರೂ ಏರ್ಪಡಿಸಿರಲಿಲ್ಲ. ಹೊರಗಿನಿಂದ ಬಂದ ಆ ಓಟಗಾರರೇ ನಮಗೆ ಅದನ್ನು ಕೊಟ್ಟರು.

ಆದ್ದರಿಂದ ಪ್ಯಾಕೇಜುಗಳನ್ನು ತುಲನೆ ಮಾಡುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬಿಬ್ ಪಡೆಯಲು ಓಟದ ಮೊದಲೇ ಬರಬೇಕು, ಮಲಗಲು ಶುಚಿಯಾದ ಕೋಣೆ ಬೇಕು. ಅಷ್ಟಕ್ಕೆ ಮಾತ್ರ ಹಣ ಕೊಡಿ. ಉಳಿದದ್ದರಲ್ಲಿ ನಿಮ್ಮ ಪಾಲೂ ಇದೆ. ಕೂಗಿದವರಿಗೆ ಕೈಯೆತ್ತಿ, ಕೊಟ್ಟದ್ದನ್ನು ತೆಗೆದುಕೊಳ್ಳಿ, ಪಕ್ಕದಲ್ಲಿ ಓಡುವವರ ಊರು ಕೇಳಿ. ಓಟ ಮುಗಿದೊಡನೆ ಹೋಟೆಲಿಗೆ ಹೋಗದೆ, ಆರು ಗಂಟೆ ಓಡಿ ಬರುವವರಿಗಾಗಿ ಮರೀನ್ ಡ್ರೈವ್‌ನಲ್ಲಿ ನಿಂತು ಚಪ್ಪಾಳೆ ತಟ್ಟಿ.

ಈ ಸಲವೂ ನಾವು ಅದೇ ಫಲಕ ಹಿಡಿದು ಮಾಹಿಮ್‌ನಲ್ಲಿ ಇರುತ್ತೇವೆ. ಕಿತ್ತಳೆಗೆ ಉಪ್ಪು ಸವರಿರುತ್ತದೆ.